ಓಡುವ ಮಗುವಿಗೂ ಚೆಂಡು ಹಿಡಿಯಲು ಕಲಿಸಬೇಕು

ಮಕ್ಕಳ ಫಿಸಿಯೋಥೆರಪಿಗಾಗಿ ಕಾರವಾರದಲ್ಲಿ ನನ್ನ ಬಳಿ ಬರುವ ಪಾಲಕರಿಗೆ ಮಗುವಿನ ಆಟದ ಬಗ್ಗೆ ಕೇಳಿದರೆ, "ಒಂದು ಕಡೆ ಕೂರುವುದೇ ಇಲ್ಲ ಡಾಕ್ಟ್ರೇ, ಇಡೀ ದಿನ ಓಡುತ್ತಲೇ ಇರುತ್ತಾನೆ" ಎನ್ನುತ್ತಾರೆ. ಓಡಲಿ, ಅದು ಬೇಕಾದದ್ದೇ. ಮೂರು ಮತ್ತು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಚುರುಕಿನ ಆಟವಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆದರೆ ದಮ್ಮು ಬೇರೆ, ಕೌಶಲ ಬೇರೆ. ಎಸೆಯುವುದು, ಹಿಡಿಯುವುದು, ಒಂಟಿಕಾಲಿನಲ್ಲಿ ಕುಂಟುವುದು ಇವೆಲ್ಲ ವಯಸ್ಸಾದಂತೆ ತಾನಾಗಿಯೇ ಪೂರ್ತಿ ಕೈಗೂಡುವುದಿಲ್ಲ. ಜೊತೆಗೆ ಆಡುವವರು ಬೇಕು.

ಚೆಂಡು ಹಿಡಿಯುವುದನ್ನೇ ಗಮನಿಸಿ. ಮೂರರ ಮಗು ಎರಡೂ ಕೈಗಳನ್ನು ನೆಟ್ಟಗೆ ಚಾಚಿ ನಿಲ್ಲುತ್ತದೆ, ಚೆಂಡು ಹತ್ತಿರ ಬರುತ್ತಲೇ ಮುಖ ತಿರುಗಿಸಿ ಕಣ್ಣು ಮುಚ್ಚುತ್ತದೆ, ಸಿಕ್ಕರೆ ಎದೆಗೆ ಅವುಚಿಕೊಳ್ಳುತ್ತದೆ. ಆ ಅಂಜಿಕೆ ಸಹಜವಾದದ್ದು. ಪುಟಿಯುವ ಗಟ್ಟಿ ಚೆಂಡಿನ ಬದಲು ಹಳೆಯ ಬಟ್ಟೆ ಸುತ್ತಿದ ದೊಡ್ಡ ಉಂಡೆಯನ್ನು ಎರಡು ಹೆಜ್ಜೆ ದೂರದಿಂದ ಮೆಲ್ಲಗೆ ಎಸೆಯುತ್ತಾ ಹೋದರೆ ಮುಖ ತಿರುಗಿಸುವುದು ಕಡಿಮೆಯಾಗುತ್ತದೆ, ಕಣ್ಣು ಚೆಂಡಿನ ಮೇಲೆ ನಿಲ್ಲುತ್ತದೆ, ಆಮೇಲಷ್ಟೇ ಬೆರಳುಗಳು ಹಿಡಿಯಲು ಕಲಿಯುತ್ತವೆ. ಎಸೆತದಲ್ಲೂ ಹೀಗೆಯೇ: ಮೊದಲು ಪಾದ ಕದಲದೆ ಬರೀ ತೋಳಿನಿಂದ ಎಸೆಯುವ ಮಗು, ಎಸೆಯುವ ಕೈಯ ಎದುರು ಬದಿಯ ಕಾಲನ್ನು ಮುಂದಿಟ್ಟು ಸೊಂಟ ತಿರುಗಿಸಿ ಎಸೆಯುವ ಹಂತಕ್ಕೆ ಬರಲು ವರ್ಷಗಳೇ ಹಿಡಿಯುತ್ತವೆ. ನಾಲ್ಕನೇ ವರ್ಷಕ್ಕೇ ಅಕ್ಷರ ತಿದ್ದಿಸುವ ಅವಸರದಲ್ಲಿರುವವರು ಇದಕ್ಕೂ ದಿನಕ್ಕೆ ಕಾಲು ಗಂಟೆ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಸಮುದ್ರ ದಂಡೆ ಹತ್ತಿರವಿರುವುದು ನಮ್ಮ ಅದೃಷ್ಟ. ಒಣ ಮರಳಿನಲ್ಲಿ ನಡೆದರೆ ಪಾದ, ಮೀನಖಂಡಗಳಿಗೆ ಹೆಚ್ಚು ಕೆಲಸ. ನೀರು ಸರಿದ ಗಟ್ಟಿ ಮರಳಿನ ಮೇಲೆ ಗೆರೆ ಎಳೆದು ಜಿಗಿಯಲು ಹೇಳಿದರೆ ಎರಡೂ ಕಾಲು ಒಟ್ಟಿಗೆ ಊರಿತೋ, ಒಂದು ಮುಂದೆ ಬಿತ್ತೋ ಎಂಬುದನ್ನು ಹೆಜ್ಜೆಗುರುತೇ ತೋರಿಸುತ್ತದೆ.

ತೊಂದರೆ ಇರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಂಗಳಕ್ಕಿಳಿಯಲೂ ಬಿಡದ ಮಳೆಯಲ್ಲಿ. ಆ ತಿಂಗಳುಗಳಲ್ಲಿ ಮೊಬೈಲ್ ಕೈಗೆ ಬರುತ್ತದೆ. ಈ ವಯಸ್ಸಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಸಲ್ಲದು. ಶಿರಸಿ ಕಡೆಯ ಜಗುಲಿಗಳಲ್ಲಿ ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯುವ ಆಟವನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ: ಎಳೆಯುವವರ ಕಾಲಿಗೆ ಬಲ, ಕೂತವರ ಬೆನ್ನು ಹೊಟ್ಟೆಗಳಿಗೆ ಸಮತೋಲನದ ಪಾಠ. ಬಾಡಿಗೆ ಮನೆಯ ಸಣ್ಣ ಕೋಣೆಯಲ್ಲಾದರೆ ನೆಲಕ್ಕೆ ಹಗ್ಗ ಹಾಸಿ ಅದರ ಮೇಲೆ ನಡೆಸಬಹುದು.

ಒಂದು ತಿಂಗಳು ಹಿಂದುಮುಂದಾದರೆ ಗಾಬರಿಪಡಬೇಕಿಲ್ಲ. ಆದರೆ ಮೂರು ವರ್ಷ ದಾಟಿದ ಮೇಲೂ ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ಮೈಯನ್ನು ಮೇಲೆತ್ತಿಕೊಳ್ಳುವ, ಬರುತ್ತಿದ್ದ ಚಲನೆಯನ್ನು ಕಳೆದುಕೊಂಡ, ಅಥವಾ ಸದಾ ಒಂದೇ ಬದಿಯ ಕೈಕಾಲು ಬಳಸುವ ಮಗುವನ್ನು ಆಟದಿಂದಲೇ ಸರಿಹೋಗುತ್ತದೆಂದು ಬಿಡದೆ ಮಕ್ಕಳ ತಜ್ಞರಿಗೆ ತೋರಿಸಬೇಕು.