ಚಲನೆಯ ಲೆಕ್ಕವನ್ನು ಎಲ್ಲಿ ತುಂಡು ಮಾಡಬೇಕು?

ಮೊದಲ ಪಿಯುಸಿಯಲ್ಲಿ ಸರಳರೇಖೆಯ ಚಲನೆ ಪಾಠ ಬಂದಾಗ ಮೂರೂ ಸೂತ್ರ ಬಾಯಿಪಾಠ ಮಾಡಿಕೊಂಡೇ ಟೆಸ್ಟಿಗೆ ಹೋಗಿದ್ದೆ. ಆದರೂ ಮಾರ್ಕು ಹೋಯಿತು. ಸೂತ್ರ ಸರಿಯಾಗಿಯೇ ಇತ್ತು. ತುಂಡು ಮಾಡಬೇಕಾದ ಚಲನೆಯನ್ನು ಇಡಿಯಾಗಿ ಬಿಡಿಸಿದ್ದೆ, ಇಡಿಯಾಗಿ ಬಿಡಿಸಬೇಕಾದದ್ದನ್ನು ತುಂಡು ಮಾಡಿದ್ದೆ. ಅಲ್ಲಿಂದ ಪ್ರತಿ ಲೆಕ್ಕಕ್ಕೂ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಎಲ್ಲಾದರೂ ಬದಲಾಗುತ್ತಾ? ಬದಲಾದ ಜಾಗದಲ್ಲಿ ಮಾತ್ರ ಕತ್ತರಿ.

ನಮ್ಮ ಕಡೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಮಳೆಗಾಲ, ಮಡಿಕೇರಿಯಿಂದ ಸುಂಟಿಕೊಪ್ಪ ಕಡೆಗೆ ಬಸ್ಸು ಹೋಗುತ್ತಿದೆ, ರಸ್ತೆ ತುಂಬ ಮಂಜು. ವೇಗ ಗಂಟೆಗೆ 54 ಕಿಲೋಮೀಟರ್. 40 ಮೀಟರ್ ಮುಂದೆ ನಿಂತ ಜೀಪೊಂದು ತಟ್ಟನೆ ಕಾಣುತ್ತದೆ. ಬ್ರೇಕ್ ಹಿಡಿದ ಮೇಲೆ ವೇಗೋತ್ಕರ್ಷ ಮೈನಸ್ 5 ಅಂತಿಟ್ಟುಕೊಳ್ಳಿ, ಅಂದರೆ ಸೆಕೆಂಡಿಗೆ ಇಷ್ಟು ಮೀಟರ್ ಅನ್ನುವ ವೇಗ ಪ್ರತಿ ಸೆಕೆಂಡಿಗೂ 5ರಷ್ಟು ಇಳಿಯುತ್ತದೆ. ಬಸ್ಸು ನಿಲ್ಲುತ್ತಾ?

ಮೊದಲು 54ನ್ನು 3.6ರಿಂದ ಭಾಗಿಸಿ, ಸೆಕೆಂಡಿಗೆ 15 ಮೀಟರ್. ಇನ್ನು ಡ್ರೈವರ್ ಜೀಪನ್ನು ನೋಡಿ ಕಾಲು ಬ್ರೇಕಿನ ಮೇಲೆ ಇಡುವಷ್ಟರಲ್ಲಿ 0.8 ಸೆಕೆಂಡ್ ಹೋಗುತ್ತೆ ಅಂದುಕೊಳ್ಳೋಣ. ಅಷ್ಟು ಹೊತ್ತು ವೇಗೋತ್ಕರ್ಷ ಸೊನ್ನೆ, ಬಸ್ಸು ಅದೇ ವೇಗದಲ್ಲಿ 12 ಮೀಟರ್ ಓಡಿಬಿಟ್ಟಿರುತ್ತದೆ. ಕತ್ತರಿ ಬೀಳಬೇಕಾದದ್ದು ಇಲ್ಲಿ. ಉಳಿದ ಭಾಗಕ್ಕೆ ಸಮಯ ಕೊಟ್ಟಿಲ್ಲ, ಕೇಳಿಯೂ ಇಲ್ಲ, ಹಾಗಾಗಿ ಸಮಯವೇ ಇಲ್ಲದ ಸೂತ್ರ ಹಿಡಿಯಿರಿ (ಯು ಮೊದಲಿನ ವೇಗ, ವಿ ಕೊನೆಯ ವೇಗ, ಎ ವೇಗೋತ್ಕರ್ಷ, ಎಸ್ ಸ್ಥಾನಪಲ್ಲಟ, ಅಂದರೆ ಹೊರಟ ಜಾಗದಿಂದ ಕೊನೆಯ ಜಾಗಕ್ಕೆ ದಿಕ್ಕಿನ ಸಮೇತ ಇರುವ ದೂರ):

ವಿ² = ಯು² + 2 × ಎ × ಎಸ್

0 = 225 − 10 × ಎಸ್, ಅಂದರೆ 22.5 ಮೀಟರ್. 12 ಸೇರಿಸಿದರೆ 34.5. ಜೀಪಿಗೆ ಐದೂವರೆ ಮೀಟರ್ ಇರುವಾಗ ಬಸ್ಸು ನಿಂತಿತು.

ಈಗ ರಸ್ತೆ ಒದ್ದೆ, ವೇಗೋತ್ಕರ್ಷ ಮೈನಸ್ 3 ಅಂತ ಮಾಡಿ ನೋಡಿ. ಬ್ರೇಕಿನ ದೂರವೇ 37.5 ಮೀಟರ್, ಒಟ್ಟು 49.5. ಜಾಗ ಇರುವುದು 40. ಎಷ್ಟು ವೇಗದಲ್ಲಿ ಗುದ್ದುತ್ತದೆ? ಬ್ರೇಕಿಗೆ ಸಿಕ್ಕಿದ್ದು 28 ಮೀಟರ್, ವಿ² = 225 − 168 = 57, ವೇಗ ಸುಮಾರು 7.5, ಗಂಟೆಗೆ 27 ಕಿಲೋಮೀಟರ್. ಈ ಲೆಕ್ಕ ಮಾಡಿದ ದಿನದಿಂದ ಮಂಜಿನಲ್ಲಿ ಡ್ರೈವರ್ ನಿಧಾನ ಹೋದರೆ ನನಗೆ ನೆಮ್ಮದಿ.

ಇನ್ನು ತುಂಡು ಮಾಡಲೇಬಾರದ ಲೆಕ್ಕ. ಸಿಲ್ವರ್ ಓಕ್ ಮರಕ್ಕೆ ಏಣಿ ಇಟ್ಟು ಒಬ್ಬರು ಕಾಳುಮೆಣಸು ಕೊಯ್ಯುತ್ತಿದ್ದಾರೆ. ನೆಲದಿಂದ 10 ಮೀಟರ್ ಎತ್ತರ. ಮೇಲಿನ ಕೊಂಬೆಗೆ ಅಂತ ಹಗ್ಗದ ಸುರುಳಿಯನ್ನು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದರು, ಸಿಗಲಿಲ್ಲ, ಅದು ನೆಲಕ್ಕೆ ಬಿತ್ತು. ಎಷ್ಟು ಹೊತ್ತಿಗೆ? ನಾವೆಲ್ಲ ಮೇಲೆ ಹೋಗಿದ್ದು ಬೇರೆ, ಕೆಳಗೆ ಬಂದದ್ದು ಬೇರೆ ಅಂತ ಮಾಡುತ್ತೇವೆ, ಅಲ್ವಾ? ಬೇಕಿಲ್ಲ. ಹೋಗುವಾಗಲೂ, ತುದಿಯಲ್ಲಿ ಒಂದು ಕ್ಷಣ ವೇಗ ಸೊನ್ನೆಯಾದಾಗಲೂ, ಬರುವಾಗಲೂ ವೇಗೋತ್ಕರ್ಷ ಒಂದೇ. ನಿಜವಾದ ಬೆಲೆ 9.8, ಲೆಕ್ಕಕ್ಕೆ 10 ಇರಲಿ. ಮೇಲ್ಮುಖ ಪ್ಲಸ್ ಅಂತ ಚಿತ್ರದ ಪಕ್ಕದಲ್ಲೇ ಬಾಣ ಹಾಕಿ ಬರೆಯಿರಿ. ಆಗ ಕೆಳಮುಖವಾದ ವೇಗೋತ್ಕರ್ಷ ಮೈನಸ್ 10. ಸ್ಥಾನಪಲ್ಲಟವೂ ಮೈನಸ್ 10, ಯಾಕಂದರೆ ಸುರುಳಿ ಕೊನೆಗೆ ಇರುವುದು ಹೊರಟ ಜಾಗಕ್ಕಿಂತ 10 ಮೀಟರ್ ಕೆಳಗೆ. ಈ ಮೈನಸ್ಸಿನಲ್ಲೂ ನನ್ನ ಮಾರ್ಕು ಹೋಗಿತ್ತು. ಇಲ್ಲಿ ಸಮಯ ಕೇಳಿದ್ದಾರೆ, ಹಾಗಾಗಿ ಎಸ್ = ಯು × ಟಿ + ½ × ಎ × ಟಿ² ಸೂತ್ರ, ಟಿ ಅಂದರೆ ಸಮಯ:

−10 = 5ಟಿ − 5ಟಿ²

ಐದರಿಂದ ಭಾಗಿಸಿದರೆ ಟಿ² − ಟಿ − 2 = 0. ಉತ್ತರ 2 ಸೆಕೆಂಡ್. ನೆಲ ಮುಟ್ಟುವಾಗ ವೇಗ (ವಿ = ಯು + ಎ × ಟಿ) 5 − 20 = ಮೈನಸ್ 15. ಮೈನಸ್ ಅಂದರೆ ಕೆಳಮುಖ, ಅಷ್ಟೇ. ವೇಗೋತ್ಕರ್ಷ ಮೈನಸ್ ಇದ್ದರೆ ವಸ್ತು ನಿಧಾನ ಆಗುತ್ತಿದೆ ಅಂತ ಸುಮ್ನೆ ಹೇಳಿಬಿಡಬೇಡಿ. ಕೆಳಗೆ ಬರುವಾಗ ವೇಗವೂ ಮೈನಸ್, ಎರಡಕ್ಕೂ ಒಂದೇ ಚಿಹ್ನೆ, ಹಾಗಾಗಿ ಸುರುಳಿ ಜೋರಾಗುತ್ತಲೇ ಹೋಗುತ್ತದೆ.

ಸಮೀಕರಣಕ್ಕೆ ಇನ್ನೊಂದು ಉತ್ತರವೂ ಇದೆ, ಟಿ = ಮೈನಸ್ 1. ಅದನ್ನು ಹೊಡೆದುಹಾಕುವ ಮೊದಲು ಒಮ್ಮೆ ನೋಡಿ. ಆ ಕ್ಷಣದ ವೇಗ 5 + 10 = 15. ಅಂದರೆ ಸುರುಳಿಯನ್ನು ಏಣಿಯ ಮೇಲಿಂದ ಎಸೆಯುವ ಬದಲು ಒಂದು ಸೆಕೆಂಡ್ ಮೊದಲೇ ನೆಲದಿಂದ 15ರ ವೇಗದಲ್ಲಿ ಎಸೆದಿದ್ದರೆ, ಅದು ಸರಿಯಾಗಿ ಅವರ ಕೈ ಹತ್ತಿರ 5ರ ವೇಗದಲ್ಲೇ ದಾಟಿ ಹೋಗುತ್ತಿತ್ತು.