ಸಬ್‌ಮೆರಿನ್ ಕೊಳ್ಳುವುದು ಸುಲಭ, ಸಾಕುವುದು ಕಷ್ಟ: ವಿಶಾಖಪಟ್ಟಣದ ಹಡಗುಕಟ್ಟೆಗಳ ಹಿನ್ನೆಲೆ

ವಿಶಾಖಪಟ್ಟಣದ ಬೀಚಿನಲ್ಲಿ, ಮರಳಿನ ಮೇಲೆ, ಒಂದು ಜಲಾಂತರ್ಗಾಮಿ ನಿಂತಿದೆ. ಹೆಸರು ಐಎನ್‌ಎಸ್ ಕುರ್ಸುರಾ. ಉದ್ದ 91 ಮೀಟರ್. ಒಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟಲು ದುಂಡಗಿನ ಕಿಂಡಿಯೊಂದೇ ದಾರಿ. ತಲೆ ತಗ್ಗಿಸಿ, ಒಂದು ಕಾಲು ಆಚೆ ಇಟ್ಟು, ಆಮೇಲೆ ಮೈ ತೂರಿಸಬೇಕು. ನೋಡಲು ಬಂದವರೆಲ್ಲ ಟಾರ್ಪೆಡೊ ಕೊಳವೆಗಳ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೆ ಜಾಸ್ತಿ ಕಾಡುವುದು ಗೋಡೆ ತುಂಬ ಹಬ್ಬಿದ ಪೈಪು, ವಾಲ್ವು, ಕೇಬಲ್ಲುಗಳು. ಇವುಗಳಲ್ಲಿ ಒಂದು ಕೆಟ್ಟರೂ ಸರಿಮಾಡಲು ದಡದಲ್ಲಿ ಒಬ್ಬ ಬೇಕು. ವಿಶಾಖಪಟ್ಟಣದ ಕಥೆ ಮುಖ್ಯವಾಗಿ ಆ ದಡದವರ ಕಥೆ.

ಇಲ್ಲಿ ಬಂದರು ಶುರುವಾಗಿದ್ದು 1933ರಲ್ಲಿ. ಡಾಲ್ಫಿನ್ಸ್ ನೋಸ್ ಅನ್ನುವ ಗುಡ್ಡ ಕಡಲಿಗೆ ಮೂಗು ಚಾಚಿದೆ. ಅದರ ಮರೆಯಲ್ಲಿ ಕಿರಿದಾದ ಕಾಲುವೆ, ಕಾಲುವೆಯ ಒಳಗೆ ಅಲೆಯಿಲ್ಲದ ನೀರು. ಹಡಗು ಕಟ್ಟುವವರಿಗೆ ಇನ್ನೇನು ಬೇಕು? ಸಿಂಧಿಯಾ ಹಡಗು ಕಂಪನಿಯ ವಾಲ್‌ಚಂದ್ ಹಿರಾಚಂದ್ ಈ ಜಾಗಕ್ಕೆ ಬಂದರು. ನಮ್ಮ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು 1940ರಲ್ಲಿ ಶುರು ಮಾಡಿದವರೂ ಇವರೇ. 1941ರ ಜೂನ್‌ನಲ್ಲಿ ರಾಜೇಂದ್ರ ಪ್ರಸಾದರು ಶಿಪ್‌ಯಾರ್ಡಿಗೆ ಅಡಿಗಲ್ಲು ಇಟ್ಟರು. ವರ್ಷ ತುಂಬುವ ಮೊದಲೇ, 1942ರ ಏಪ್ರಿಲ್‌ನಲ್ಲಿ, ಜಪಾನಿನ ವಿಮಾನಗಳು ಊರಿನ ಮೇಲೆ ಬಾಂಬ್ ಹಾಕಿದವು. ಮೊದಲ ಹಡಗು 'ಜಲ ಉಷಾ' ನೀರಿಗಿಳಿಯಲು 1948ರ ಮಾರ್ಚ್ ಆಯಿತು. ಅದನ್ನು ಇಳಿಸಿದವರು ನೆಹರು. 1952ರಲ್ಲಿ ಸರ್ಕಾರ ಕೈಹಾಕಿದ ಮೇಲೆ ಇದು ಹಿಂದೂಸ್ಥಾನ್ ಶಿಪ್‌ಯಾರ್ಡ್ ಆಯಿತು. ಇಲ್ಲಿ ತಯಾರಾಗುತ್ತಿದ್ದವು ಸರಕು ಹಡಗುಗಳು. ಯುದ್ಧದ ಮಾತು ಇನ್ನೂ ದೂರವಿತ್ತು.

ನೌಕಾಪಡೆ ಸಬ್‌ಮೆರಿನ್‌ಗಾಗಿ ಮೊದಲು ಬ್ರಿಟನ್ನಿನ ಬಾಗಿಲು ತಟ್ಟಿತು. ಅಲ್ಲಿ ಸಾಲದ ಮಾತು ಕುದುರಲಿಲ್ಲ. ಸೋವಿಯತ್ ಒಕ್ಕೂಟ 1965ರಲ್ಲಿ ಒಪ್ಪಿತು. 1967ರ ಡಿಸೆಂಬರ್ 8ರಂದು ಸೋವಿಯತ್‌ನ ರೀಗಾ ಬಂದರಿನಲ್ಲಿ ನಮ್ಮ ಮೊದಲ ಸಬ್‌ಮೆರಿನ್ ಐಎನ್‌ಎಸ್ ಕಲ್ವರಿ ಸೇವೆಗೆ ಸೇರಿತು. ಇಂದಿಗೂ ಆ ದಿನವೇ ಸಬ್‌ಮೆರಿನ್ ದಿನ. ಫಾಕ್ಸ್‌ಟ್ರಾಟ್ ಮಾದರಿಯ ಇಂಥ ಎಂಟು ದೋಣಿಗಳು ಎರಡು ಕಂತಿನಲ್ಲಿ ಬಂದವು. ಅವಕ್ಕೆ ವಿಶಾಖಪಟ್ಟಣವೇ ಮನೆಯಾಗಿದ್ದಕ್ಕೆ ಕಾರಣವಿದೆ. ಮುಂಬೈ ಕಡೆ ಕಡಲು ಬಹಳ ದೂರದವರೆಗೆ ಆಳವಿಲ್ಲ. ಬಂಗಾಳ ಕೊಲ್ಲಿಯ ಈ ದಡದಲ್ಲಿ ನೆಲ ಬೇಗ ಕೆಳಗಿಳಿಯುತ್ತದೆ. ಮುಳುಗಿ ಮರೆಯಾಗಬೇಕಾದವರಿಗೆ ಅದೇ ಬೇಕು, ಅಲ್ವಾ? ಸಬ್‌ಮೆರಿನ್ ನೆಲೆ ಐಎನ್‌ಎಸ್ ವೀರಬಾಹು 1971ರಲ್ಲಿ ತೆರೆಯಿತು.

ಅದೇ ವರ್ಷ ಡಿಸೆಂಬರ್ 3ರ ನಡುರಾತ್ರಿ ಬಂದರಿನ ಬಾಯಲ್ಲೇ ಭಾರಿ ಸ್ಫೋಟ ಕೇಳಿಸಿತು. ಮುಳುಗಿದ್ದು ಪಾಕಿಸ್ತಾನದ ಸಬ್‌ಮೆರಿನ್ ಘಾಜಿ. ಅದು ಹುಡುಕಿ ಬಂದಿದ್ದ ನಮ್ಮ ವಿಮಾನವಾಹಕ ಹಡಗು ವಿಕ್ರಾಂತ್ ಆಗ ಅಂಡಮಾನ್ ಕಡೆ ಇತ್ತು. ರಜಪೂತ್ ಹಡಗಿನ ಸಿಡಿಗುಂಡುಗಳಿಂದ ಮುಳುಗಿತು ಎಂದು ನಮ್ಮ ನೌಕಾಪಡೆ, ಘಾಜಿ ತಾನೇ ಹಾಕುತ್ತಿದ್ದ ಮೈನ್ (ನೀರಿನಡಿಯ ಬಾಂಬು) ಸಿಡಿಯಿತು ಎಂದು ಪಾಕಿಸ್ತಾನ. ಆ ಜಗಳ ಇನ್ನೂ ಮುಗಿದಿಲ್ಲ. ನಾನು ಹೇಳಬೇಕೆಂದಿರುವುದು ಬೇರೆ. ಘಾಜಿ ಮೊದಲು ಅಮೆರಿಕದ 'ಡಯಾಬ್ಲೊ', 1944ರಲ್ಲಿ ನೀರಿಗಿಳಿದದ್ದು. ಅದರ ದೊಡ್ಡ ರಿಪೇರಿ ನಡೆದದ್ದು ಟರ್ಕಿಯಲ್ಲಿ. ಪರರ ದೋಣಿ, ಪರರ ಕಟ್ಟೆ.

ನಮ್ಮ ಸ್ಥಿತಿ ಬೇರೆಯೇನಿರಲಿಲ್ಲ. ಹಿಂದೂಸ್ಥಾನ್ ಶಿಪ್‌ಯಾರ್ಡಿಗೆ 2006ರಲ್ಲಿ ರಿಪೇರಿಗೆಂದು ಬಂದ ಸಿಂಧುಕೀರ್ತಿ ಸಬ್‌ಮೆರಿನ್ ಕೆಲಸ ಮುಗಿಸಿಕೊಂಡು ಹೊರಟದ್ದು 2015ರಲ್ಲಿ. ಒಂಬತ್ತು ವರ್ಷ! ಪತ್ರಿಕೆಗಳು ಟೀಕಿಸಿದ್ದು ಸಹಜವೇ. ಆದರೆ ಹಳೇ ಮನೆ ರಿಪೇರಿಗೆ ಕೈಹಾಕಿದವರಿಗೆ ಗೊತ್ತು, ಒಂದು ಗೋಡೆ ಕೆರೆದರೆ ಇನ್ನೊಂದರ ಬಿರುಕು ಕಾಣುತ್ತದೆ. ಇಲ್ಲಿ ಮನೆ ಕಟ್ಟಿದ ಮೇಸ್ತ್ರಿ ರಷ್ಯಾದಲ್ಲಿ. ಈ ನಡುವೆ, 2010ರಲ್ಲಿ, ಶಿಪ್‌ಯಾರ್ಡ್ ರಕ್ಷಣಾ ಇಲಾಖೆಯ ಕೈಗೆ ಬಂತು.

ಅದೇ ಊರಿನಲ್ಲಿ, ಹೊರಗಿನವರ ಕಣ್ಣಿಗೆ ಬೀಳದ ಇನ್ನೊಂದು ಕಟ್ಟೆಯೂ ಇದೆ: ಶಿಪ್ ಬಿಲ್ಡಿಂಗ್ ಸೆಂಟರ್. 2009ರ ಜುಲೈ 26ರಂದು ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಅವರ ಪತ್ನಿ ಗುರುಶರಣ್ ಕೌರ್ ತೆಂಗಿನಕಾಯಿ ಒಡೆದರು. ಸಬ್‌ಮೆರಿನ್ ಅರಿಹಂತ್ ಇದ್ದ ಡ್ರೈ ಡಾಕ್‌ಗೆ (ನೀರು ಖಾಲಿ ಮಾಡಿದ ಕಟ್ಟೆಗೆ) ನೀರು ಬಿಡಲಾಯಿತು. ಸುಮಾರು 6,000 ಟನ್ನಿನ, ಅಣುಶಕ್ತಿಯಿಂದ ಓಡುವ ದೋಣಿ. 2016ರಲ್ಲಿ ಅದು ಸದ್ದಿಲ್ಲದೆ ಸೇವೆಗೆ ಸೇರಿತು. ಎರಡನೆಯದಾದ ಅರಿಘಾತ್ ಸೇರಿದ್ದು 2024ರ ಆಗಸ್ಟ್‌ನಲ್ಲಿ.

ಸರಕು ಹಡಗುಗಳಿಂದ ಶುರುವಾದ ಹಿಂದೂಸ್ಥಾನ್ ಶಿಪ್‌ಯಾರ್ಡ್ 2025ರ ಜುಲೈನಲ್ಲಿ 'ನಿಸ್ತಾರ್' ಹಡಗನ್ನು ನೌಕಾಪಡೆಗೆ ಕೊಟ್ಟಿತು. ಕೆಟ್ಟು ಕೆಳಗೆ ಸಿಕ್ಕಿಕೊಂಡ ಸಬ್‌ಮೆರಿನ್‌ನಿಂದ ನಾವಿಕರನ್ನು ಮೇಲೆ ತರುವುದಕ್ಕೆ ನೆರವಾಗುವ ಹಡಗು ಇದು. ಹೆಸರು ಹಳೆಯದೇ. 1971ರಲ್ಲಿ ಘಾಜಿ ಬಿದ್ದಿದ್ದ ಜಾಗದ ಮೇಲೆ ನಿಂತು ಮುಳುಗುಗಾರರನ್ನು ಕೆಳಗೆ ಇಳಿಸಿದ ಹಡಗಿನ ಹೆಸರೂ ನಿಸ್ತಾರ್. ಅದನ್ನು ಸೋವಿಯತ್‌ನಿಂದ ತರಿಸಿದ್ದರು.