ಮೂರು ತಿಂಗಳ ಮೂಗನ್ನು ನೋಡಿ ತೀರ್ಪು ಕೊಡಬೇಡಿ

ಕಳೆದ ವಾರ ದಾವಣಗೆರೆ ಕಡೆಯ ತಾಯಿ, ಮಗಳು ಬಂದಿದ್ದರು. ಮಗಳಿಗೆ ಬೇರೆ ಊರಲ್ಲಿ ಮೂಗಿನ ಸರ್ಜರಿ ಆಗಿ ಮೂರೂವರೆ ತಿಂಗಳು. "ಮೇಲಿನ ಉಬ್ಬು ಹೋಯ್ತು ಡಾಕ್ಟ್ರೇ, ಆದ್ರೆ ತುದಿ ಉಂಡೆ ಥರ ಆಗಿದೆ. ಇನ್ನೆರಡು ತಿಂಗಳಿಗೆ ನಿಶ್ಚಿತಾರ್ಥ. ಅಷ್ಟರೊಳಗೆ ಇನ್ನೊಂದು ಸಲ ಮಾಡಿಬಿಡಿ" ಎಂದರು ತಾಯಿ. ಆಗುವುದಿಲ್ಲ ಎಂದೆ. ಹುಡುಗಿಯ ಮುಖ ಬಾಡಿದ್ದು ಕಂಡು ಸಂಕಟವಾಯಿತು. ಆದರೂ ಆಗುವುದಿಲ್ಲ.

ವಾರಕ್ಕೊಮ್ಮೆಯಾದರೂ ಇದೇ ಮಾತು ಆಡುತ್ತೇನೆ, ಆದ್ದರಿಂದ ಬಿಡಿಸಿಯೇ ಬರೆಯುತ್ತೇನೆ. ಮೂಗಿನ ಸರ್ಜರಿಯಲ್ಲಿ ನಾವು ಒಳಗಿನ ಮೂಳೆ, ಮೃದ್ವಸ್ಥಿಗಳ (ಕಿವಿಯಲ್ಲಿರುವಂಥ ಬಾಗುವ ಮೆತ್ತನೆಯ ಎಲುಬು, ಕಾರ್ಟಿಲೇಜ್) ಚೌಕಟ್ಟನ್ನು ತಿದ್ದುತ್ತೇವೆ. ಸಾಮಾನ್ಯವಾಗಿ ಮೇಲಿನ ಚರ್ಮವನ್ನು ಕತ್ತರಿಸಿ ಚಿಕ್ಕದು ಮಾಡುವುದಿಲ್ಲ. ಅದು ತಾನಾಗಿಯೇ ಕುಗ್ಗಿ ಹೊಸ ಚೌಕಟ್ಟಿನ ಮೇಲೆ ಕೂರಬೇಕು. ಊತ ಮೊದಲು ಇಳಿಯುವುದು ಮೂಗಿನ ದಿಂಡಿನಲ್ಲಿ, ಕೊನೆಗೆ ತುದಿಯಲ್ಲಿ. ನಮ್ಮಲ್ಲಿ ಅನೇಕರದು ದಪ್ಪ ಚರ್ಮ. ಅಂಥವರಿಗೆ ತುದಿ ಪೂರ್ತಿ ಇಳಿಯಲು ಒಂದೂವರೆ, ಎರಡು ವರ್ಷ ಹಿಡಿದದ್ದೂ ಉಂಟು. ಬೆಳಿಗ್ಗೆ ಎದ್ದಾಗ ದಪ್ಪ, ಸಂಜೆಗೆ ಸ್ವಲ್ಪ ತೆಳು ಅನ್ನಿಸಿದರೆ ಊತ ಇನ್ನೂ ಇದೆ ಎಂದೇ ಅರ್ಥ.

ಊತವೊಂದೇ ಆಗಿದ್ದರೆ ನಾನು ಇಷ್ಟು ಹಟ ಹಿಡಿಯುತ್ತಿರಲಿಲ್ಲ. ಚರ್ಮದಡಿ ಗಾಯ ಮಾಯುವಾಗ ಗಟ್ಟಿ ನಾರಿನಂಥ ಅಂಗಾಂಶ ಬೆಳೆಯುತ್ತದೆ. ಮೊದಲ ತಿಂಗಳುಗಳಲ್ಲಿ ಅದು ಕೆಂಪಾಗಿ, ಬಿರುಸಾಗಿ, ಎಲ್ಲಕ್ಕೂ ಅಂಟಿಕೊಂಡಿರುತ್ತದೆ. ಆಗ ಕತ್ತಿ ಇಟ್ಟರೆ ಪದರಗಳು ಬಿಡಿಬಿಡಿಯಾಗಿ ಸಿಗುವುದಿಲ್ಲ, ರಕ್ತ ಜಾಸ್ತಿ ಸುರಿಯುತ್ತದೆ, ಚರ್ಮಕ್ಕೆ ರಕ್ತ ಕೊಡುವ ಸಣ್ಣ ನಾಳಗಳು ಹಾಳಾಗಬಹುದು. ತುದಿಯ ಚರ್ಮ ಕಪ್ಪಾಗಿ ಸತ್ತರೆ ಅದನ್ನು ಮೊದಲಿನಂತೆ ಮಾಡಲು ಯಾರಿಂದಲೂ ಆಗುವುದಿಲ್ಲ. ಒಂದು ವರ್ಷ ಕಳೆದರೆ ಅದೇ ಅಂಗಾಂಶ ಮೆತ್ತಗಾಗಿ ಕೆಲಸಕ್ಕೆ ದಾರಿ ಕೊಡುತ್ತದೆ. ಹೆಚ್ಚಿನವರಿಗೆ ಕನಿಷ್ಠ 12 ತಿಂಗಳು ಎನ್ನುವುದು ಇದಕ್ಕೇ.

ಈ ಮಾತು ಬಂದಾಗಲೆಲ್ಲ ನನಗೆ ಕಾವಸ್ಜಿ ನೆನಪಾಗುತ್ತಾನೆ. 1792ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದವನು. ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿ ಮೂಗು, ಒಂದು ಕೈ ಕಳೆದುಕೊಂಡ. ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದ ಅವನಿಗೆ ಪುಣೆ ಹತ್ತಿರ ಇಟ್ಟಿಗೆ ಮಾಡುವ ಕುಲದವರೊಬ್ಬರು ಹಣೆಯ ಚರ್ಮದಿಂದ ಮೂಗು ಕಟ್ಟಿದರು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಇದರ ವರದಿ ಬಂತು. ಅದನ್ನು ಓದಿದ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಅಲ್ಲಿ ಅದೇ ವಿಧಾನ ಅನುಸರಿಸಿದರು. ನನಗೆ ಕೈ ಮುಗಿಯಬೇಕೆನಿಸುವುದು ಆ ವರದಿಯ ಒಂದು ವಿವರಕ್ಕೆ. ಹಣೆಗೂ ಮೂಗಿಗೂ ನಡುವಿನ ಚರ್ಮದ ತೊಟ್ಟನ್ನು ಅವರು ಸುಮಾರು 25 ದಿನ ಕತ್ತರಿಸದೆ ಬಿಟ್ಟಿದ್ದರು. ಹೊಸ ಜಾಗದಲ್ಲಿ ರಕ್ತ ಹರಿಯುವವರೆಗೆ ಕಾಯಬೇಕೆಂದು ಆ ಮನುಷ್ಯನಿಗೆ ಗೊತ್ತಿತ್ತು.

ಕಾಯಬಾರದ ಸಂದರ್ಭಗಳೂ ಇವೆ. ಜ್ವರ, ಕೀವು, ಚರ್ಮ ಬಣ್ಣಗೆಡುವುದು, ಎರಡೂ ಹೊಳ್ಳೆ ಏಕಾಏಕಿ ಕಟ್ಟಿ ನೋವು ಏರುವುದು, ಹೊಸದಾಗಿ ಪೆಟ್ಟು ಬಿದ್ದು ಸೊಟ್ಟಗಾಗುವುದು: ಇವಕ್ಕೆ ಅದೇ ದಿನ ಆಸ್ಪತ್ರೆಗೆ ಹೋಗಿ. ಉಸಿರಾಟದ ತೊಂದರೆ ತಿಂಗಳುಗಟ್ಟಲೆ ಉಳಿದರೂ ತೋರಿಸಿ.

ಮಧ್ಯದ ದಾರಿ ಎಂದು ಫಿಲ್ಲರ್ (ಆಕಾರ ತುಂಬಲು ಚರ್ಮದಡಿ ಕೊಡುವ ಜೆಲ್‌ನಂಥ ಇಂಜೆಕ್ಷನ್) ಚುಚ್ಚಿಸಿಕೊಂಡು ಬರುವವರನ್ನು ಕಂಡರೆ ನನಗೆ ಭಯ. ಒಮ್ಮೆ ಸರ್ಜರಿ ಆದ ಮೂಗಿನಲ್ಲಿ ರಕ್ತನಾಳಗಳ ಜಾಡು ಬದಲಾಗಿರುತ್ತದೆ. ಫಿಲ್ಲರ್ ನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೂ ಹೋಗಬಹುದು.

ಹುಡುಗಿ ತೋರಿಸಿದ್ದು ಸೆಲ್ಫಿಗಳು. ಒಂದಡಿ ದೂರದ ಸೆಲ್ಫಿಯಲ್ಲಿ ಮೂಗು ಇರುವುದಕ್ಕಿಂತ ಸುಮಾರು ಶೇ. 30ರಷ್ಟು ಅಗಲ ಕಾಣುತ್ತದೆ, ಐದಡಿಯಿಂದ ತೆಗೆದರೆ ಆ ವ್ಯತ್ಯಾಸ ಬಹುತೇಕ ಇಲ್ಲ ಎಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದ್ದಾರೆ. ಐದಡಿ ದೂರ ನಿಲ್ಲಿಸಿ ನಾನೇ ಫೋಟೊ ತೆಗೆದೆ. ತುದಿ ದಪ್ಪ ಇತ್ತು ನಿಜ, ಅವಳು ಅಂದುಕೊಂಡಷ್ಟಲ್ಲ.

ವರ್ಷದ ನಂತರವೂ ಬೇಕಾದರೆ ಮಾಡೋಣ ಎಂದೆ. ಆದರೆ ಮೊದಲ ಸರ್ಜರಿಯಲ್ಲಿ ಮೂಗಿನ ನಡುಗೋಡೆಯ ಮೃದ್ವಸ್ಥಿ ತೆಗೆದಿದ್ದರೆ ಎರಡನೆಯದಕ್ಕೆ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ತರಬೇಕು. ಆದ್ದರಿಂದ ಹಳೆಯ ಆಪರೇಷನ್ ನೋಟ್ಸ್ ಕೇಳಿ ತನ್ನಿ. ಅದು ನಿಮ್ಮ ಹಕ್ಕು. ಮೊದಲು ಮಾಡಿದವರ ಬಳಿಗೇ ಒಮ್ಮೆ ಹೋಗಿ ಮಾತಾಡಿ ಎಂದೂ ಹೇಳಿದೆ. ಅವರು ತಪ್ಪು ಮಾಡಿದ್ದಾರೆಂದು ನನಗೇನೂ ಅನ್ನಿಸಲಿಲ್ಲ.

ಹೊರಡುವಾಗ ತಾಯಿ ತಿರುಗಿ ನಿಂತು, "ಅವಳ ಅಜ್ಜಿ ಮೂಗುಬೊಟ್ಟು ಇಟ್ಟಿದ್ದಾರೆ, ನಿಶ್ಚಿತಾರ್ಥಕ್ಕೆ ಚುಚ್ಚಿಸಬಹುದಾ?" ಎಂದರು. ಬೇಡಮ್ಮ, ಅದನ್ನೂ ಮುಂದಿನ ವರ್ಷಕ್ಕೇ ಇಟ್ಟುಕೊಳ್ಳಿ ಎಂದೆ.